ಕಾನಡಿ ಕಪಾಟು

"ನಿಮ್ಮವ್ವನ ದನಿ ಯುನಿವರ್ಸಿಟ್ಯಾಗ ಅದ" ಎಂದು ಅಪ್ಪ ನಾನು ಸಣ್ಣವಳಿದ್ದಾಗಿನಿಂದ ಹೇಳುತ್ತಿದ್ದ. ಕಲಬುರಗಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು ನಾವು. ಅವ್ವ ಇಟ್ಟಿಗೆ ಹೊರುತ್ತಿದ್ದ ಕಾಲಕ್ಕೆ ಯಾರೋ ಪ್ರೊಫೆಸರರು ತಗಡಿನ ಶೆಡ್ಡುಗಳಿಗೆ ಬಂದು, ಹೆಂಗಸರಿಂದ ಬೀಸುವ ಪದ ಹಾಡಿಸಿ, ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಹೋದರಂತೆ. ಮುಂದಿನ ಮಳೆಗಾಲದಲ್ಲಿ ಅವ್ವ ಕಾಮಾಲೆಯಾಗಿ ಸತ್ತಳು. ನಾನಿನ್ನೂ ಮೊಲೆ ಬಿಟ್ಟಿರಲಿಲ್ಲ. ಅವಳದೊಂದು ಫೋಟೋ ಕೂಡ ಇಲ್ಲ. ನನ್ನ ಪಾಲಿಗೆ ಅವಳು ಅಂತ ಏನಾದರೂ ಉಳಿದಿದ್ದರೆ ಆ ದನಿಯೊಂದೇ.

ತೊಂಬತ್ತರ ದಶಕದ ಕೊನೆಗೆ, ಬಿ.ಎ. ಮುಗಿಸಿ ಕೆಲಸ ಹಿಡಿದ ಮೇಲೆ, ಧೈರ್ಯ ಮಾಡಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಇಂಥವನ್ನೆಲ್ಲ 'ವಿಶೇಷ ಸಂಗ್ರಹ' ಎಂಬ ಬೇರೆ ಕೋಣೆಯಲ್ಲಿ ಇಡುತ್ತಾರಂತೆ. ತಾಮ್ರಪಟ, ಹುಳ ತಿಂದ ಕೈಬರಹದ ಪೋಥಿಗಳು, ಯಾರೋ ಶ್ರೀಮಂತರು ದಾನ ಕೊಟ್ಟ ಪುಸ್ತಕಗಳು, ಅವುಗಳ ಪಕ್ಕ ಅವರ ಕನ್ನಡಕ. ಕನ್ನಡಕಕ್ಕೂ ಒಂದು ನಂಬರಿನ ಚೀಟಿ! ಕನ್ನಡಕಕ್ಕೇ ಇಷ್ಟು ಮರ್ಯಾದೆ ಇದ್ದರೆ ನಮ್ಮವ್ವನಿಗೆ ಇರದೇ ಇದ್ದೀತೇ ಅಂದುಕೊಂಡೆ.

ಅಲ್ಲಿನ ಮೇಡಂ ಮರಾಠಿಯಲ್ಲಿ, "ಕಾನಡಿ ತಾನೆ? ಅಲ್ಲಿದೆ ನೋಡು" ಎಂದು ಮೂಲೆಯ ಕಬ್ಬಿಣದ ಕಪಾಟು ತೋರಿಸಿದರು. ಬಾಗಿಲ ಮೇಲೆ 'ಕಾನಡಿ' ಎಂದು ಬರೆದಿತ್ತು. ಒಂದು ಕಪಾಟು ತುಂಬ ನಮ್ಮ ಭಾಷೆ! ನನಗೆ ಕಣ್ಣು ತುಂಬಿ ಬಂತು.

ಮೊದಲ ಕ್ಯಾಸೆಟ್ಟು ತಮಿಳು. ಅದರ ಹಿಂದಿನದು ತೆಲುಗು. ಮತ್ತೊಂದರಲ್ಲಿದ್ದದ್ದು ಯಾವ ನುಡಿಯೋ, ಆ ದೇವರಿಗೇ ಗೊತ್ತು. ಪುಣೆಯಲ್ಲೇ ಬೆಳೆದ ನನಗೆ ಮೊದಲೇ ಹೊಳೆಯಬೇಕಿತ್ತು. ಮರಾಠಿಯಲ್ಲಿ ಕಾನಡಿ ಅಂದರೆ ಕನ್ನಡವೂ ಹೌದು, ತಲೆಬುಡ ತಿಳಿಯದ ಮಾತೂ ಹೌದು. ತಮಗೆ ಅರ್ಥವಾಗದ್ದನ್ನೆಲ್ಲ ಇದರೊಳಗೆ ತುರುಕಿದ್ದರು. "ಇದು ಕನ್ನಡ ಅಲ್ಲ ಮೇಡಂ, ಇದೂ ಅಲ್ಲ" ಎಂದರೆ, "ನಮಗೆ ಎಲ್ಲಾ ಒಂದೇ" ಎಂದು ನಕ್ಕರು. ನಗು ಬಂತಂತೆ, ನಗು! ಆದರೆ ನನಗೆ ಚಹಾ ತರಿಸಿಕೊಟ್ಟವರೂ ಅವರೇ, ಬೈಯಲೂ ಬಾಯಿ ಬರಲಿಲ್ಲ.

ಎಷ್ಟೋ ಶನಿವಾರ ಹೋಗಿ ಕೂತ ಮೇಲೆ ಒಂದು ಕ್ಯಾಸೆಟ್ಟಿನಲ್ಲಿ ನಮ್ಮ ಕಡೆಯ ಮಾತು ಕೇಳಿಸಿತು. ಮೇಲೆ ಬರೆದದ್ದು 'ಕೂಲಿ ಹೆಂಗಸರು, ನಾಲ್ವರು', ಕೆಳಗೆ ನಾನು ಹುಟ್ಟಿದ ಇಸವಿ. ಹೆಸರಿಲ್ಲ. ಸರದಿಯ ಮೇಲೆ ಒಬ್ಬೊಬ್ಬರು ಪದ ಎತ್ತಿಕೊಳ್ಳುತ್ತಾರೆ. ಒಬ್ಬಳದು ಒಡಕು ಗಂಟಲು, ಇನ್ನೊಬ್ಬಳು ನಡುನಡುವೆ ನಗುತ್ತಾಳೆ. ಒಂದು ಕೂಸು ಅಳುತ್ತದೆ, ಯಾರೋ "ಸುಮ್ಕಿರು ನನ್ನವ್ವ" ಅನ್ನುತ್ತಾರೆ. ಇವರಲ್ಲಿ ನನ್ನವಳು ಯಾರು? ತಿರುಗಿಸಿ ತಿರುಗಿಸಿ ಕೇಳಿದೆ. ಹೆತ್ತವಳ ದನಿ ಕರುಳಿಗೆ ತಿಳಿಯುತ್ತದೆ ಅನ್ನುತ್ತಾರಲ್ಲ, ಬರೀ ಸುಳ್ಳು. ನನ್ನ ಕರುಳಿಗೆ ಏನೂ ತಿಳಿಯಲಿಲ್ಲ.

ಆ ಶೆಡ್ಡಿನವರೆಲ್ಲ ಎಂದೋ ಚದುರಿಹೋಗಿದ್ದರು. ಹೇಳಬಲ್ಲವನು ಅಪ್ಪನೊಬ್ಬನೇ. ಅವನೋ, ಭೋಸರಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ವರ್ಷಗಟ್ಟಲೆ ನಿಂತು ಕಿವಿ ಕಳೆದುಕೊಂಡಿದ್ದ. ಮನೆಯಲ್ಲಿ ನಾವು ಕೂಗಿಯೇ ಮಾತಾಡುತ್ತಿದ್ದೆವು. ಕ್ಯಾಸೆಟ್ಟು ಹೊರಗೆ ಕೊಡುವಂತಿಲ್ಲ ಅಂದದ್ದಕ್ಕೆ ಅವನನ್ನೇ ಕರೆದುಕೊಂಡು ಹೋದೆ. ಒಗೆದ ಧೋತರ, ಹೊಸ ಟೊಪ್ಪಿಗೆ ಹಾಕಿಕೊಂಡು, ಬೀಗರ ಮನೆಗೆ ಹೊರಟವನ ಹಾಗೆ ಬಂದ.

ಮೇಡಂ ಅವನ ಕಿವಿಗೆ ಹೆಡ್‌ಫೋನು ಹಾಕಿ ದನಿ ಏರಿಸಿದರು, ಇನ್ನೂ ಏರಿಸಿದರು. ಪಕ್ಕದಲ್ಲಿ ಕೂತ ನನಗೇ ಹಾಡು ಕೇಳುತ್ತಿತ್ತು. ಅಪ್ಪ ತಿರುಗುವ ಕ್ಯಾಸೆಟ್ಟನ್ನೇ ನೋಡುತ್ತ ಕೂತ. ನಾನು ಅವನ ಮುಖವನ್ನೇ ನೋಡುತ್ತ ಕೂತೆ.

"ಹಾಡಕತ್ತಾಳೇನವ್ವ?" ಎಂದು ಆ ನಿಶ್ಶಬ್ದದ ಕೋಣೆಯಲ್ಲಿ ಜೋರಾಗಿ ಕೇಳಿದ.

"ಹೂನಪ್ಪಾ, ಹಾಡಕತ್ತಾಳ" ಎಂದು ನಾನೂ ಕೂಗಿ ಹೇಳಿದೆ.

"ಭಾಳ ಛಂದ ದನಿ ಅಕಿದು" ಅಂದ.

ಆಗ ಹಾಡುತ್ತಿದ್ದವಳು ಆ ಒಡಕು ಗಂಟಲಿನವಳು.