ಮುಂದೆ ಆಳಿಲ್ಲದ ಯಂತ್ರ

ನಮ್ಮ ಮನೆಯಲ್ಲೊಂದು ಕಟ್ಟಳೆ: ಮುಂದೆ ಆಳಿಲ್ಲದೆ ಯಂತ್ರ ನಡೆಯಬಾರದು. ಬನಹಟ್ಟಿಯಲ್ಲಿ ಕರೆಂಟಿನ ಮಗ್ಗ ಇಟ್ಟವರಿಗೆಲ್ಲ ಇದು ಗೊತ್ತು. ಎಳೆ ಕಡಿದದ್ದನ್ನು ಯಾರೂ ನೋಡದಿದ್ದರೆ ಮಗ್ಗ ತನ್ನ ಪಾಡಿಗೆ ಕೆಟ್ಟ ಬಟ್ಟೆ ನೇಯುತ್ತ ಹೋಗುತ್ತದೆ. ಅವ್ವ ಚಹಾಕ್ಕೆ ಏಳುವಾಗಲೂ ಸ್ವಿಚ್ ಆರಿಸಿಯೇ ಏಳುತ್ತಾಳೆ.

ಕಳೆದ ವರ್ಷ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ತನ್ನ ಸೀರೆಗಳಿಗೊಂದು ವೆಬ್‌ಸೈಟ್ ಮಾಡಿಕೊಡು ಎಂದಳು. ಅಂಚು, ಸೆರಗು ಎಲ್ಲ ಅವಳದೇ ಕಲ್ಪನೆ. ಪೇಟೆಯ ವ್ಯಾಪಾರಿ ಮಾತ್ರ ತನ್ನ ಚೀಟಿ ಹಚ್ಚಿ ಮಾರುತ್ತಿದ್ದ. ಒಮ್ಮೆಯಾದರೂ ತನ್ನ ಹೆಸರಿನಲ್ಲಿ ಮಾರಬೇಕೆಂಬುದು ಅವಳ ಆಸೆ. ಮುಧೋಳದಲ್ಲಿ ಸೀರೆ ಅಂಗಡಿ ಇಟ್ಟಿರುವ ಹೆಣ್ಣುಮಗಳೊಬ್ಬರು ಬಂದು ನೋಡಲು ಒಪ್ಪಿದ್ದರು.

ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವನು ನಾನು. ಜಂಬಕ್ಕೆ ಬಿದ್ದು, ಸೈಟ್ ಕಟ್ಟಲು ಹೊಸದೊಂದು ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು, ಆರಿಸಿದೆ. ಬರೆದ ಕೋಡ್ ತಾನಾಗಿ ಓಡುವುದಿಲ್ಲ. ಮಗ್ಗಕ್ಕೆ ಮೋಟರ್ ಇದ್ದಂತೆ ಅದಕ್ಕೊಂದು ರನ್‌ಟೈಮ್ ಬೇಕು. ನನ್ನದು ಹಳೆಯದೆಂದು ಫ್ರೇಮ್‌ವರ್ಕ್ ಮುಖ ತಿರುಗಿಸಿತು. ಹೊಸದು ಹಾಕಿದೆ. ಆಮೇಲೆ ಕಮಾಂಡುಗಳು. ಲ್ಯಾಪ್‌ಟಾಪಿನ ಕರಿ ಕಿಟಕಿಯಲ್ಲಿ ‘ಡೆವ್’ ಎಂದು ಟೈಪ್ ಮಾಡಿದರೆ ಸೈಟ್ ಕಾಣುತ್ತಿತ್ತು. ಫ್ರೇಮ್‌ವರ್ಕಿನ ಕೈಪಿಡಿಯಲ್ಲಿ ‘ಬಿಲ್ಡ್’ ಎಂಬುದೂ ಇತ್ತು. ಸೈಟ್ ಕಂಡ ಮೇಲೆ ಅದೇಕೆಂದು ಆ ಪುಟಗಳನ್ನು ಓದದೆ ಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ. ಮನೆಯ ವೈಫೈಯಲ್ಲಿ ವೈನಿಯ ಫೋನಿನಲ್ಲೂ ಸೀರೆಗಳು ಮೂಡಿದವು. ಅವಳು ಹಿಗ್ಗಿದ್ದೇ ಹಿಗ್ಗಿದ್ದು.

ಮುಧೋಳದವರು ಬಂದ ದಿನ ಲ್ಯಾಪ್‌ಟಾಪನ್ನು ಒಳಗೆ ಓಡಲು ಬಿಟ್ಟು ನಾವು ಪಡಸಾಲೆಯಲ್ಲಿದ್ದೆವು. ವೈನಿ ಅವರ ಕೈಗೆ ಫೋನು ಕೊಟ್ಟಳು. ಒಂದೆರಡು ಸೀರೆ ನೋಡಿ ಮುಂದಿನದನ್ನು ಒತ್ತಿದರು. ಪುಟ ತೆರೆಯಲೇ ಇಲ್ಲ. ಒಳಗೆ ಓಡಿದೆ. ಲ್ಯಾಪ್‌ಟಾಪ್ ಮುಚ್ಚಿತ್ತು, ಪ್ಲಗ್ಗು ಕಿತ್ತಿತ್ತು. ಪಕ್ಕದಲ್ಲೇ ಅವ್ವ ನೂಲು ಸುತ್ತುತ್ತಿದ್ದಳು.

“ಮುಂದ ಯಾರೂ ಇದ್ದಿದ್ದಿಲ್ಲ. ಅಕ್ಷರ ಸರಸರ ಓಡಾಕತ್ತಿದ್ವು. ಬಂದ್ ಮಾಡೇನಿ,” ಎಂದಳು.

ಹೊರಗೆ ಅವರು ಫೋನು ಒತ್ತಿದಂತೆಲ್ಲ ಇಲ್ಲಿ ಕರಿ ಕಿಟಕಿಯಲ್ಲಿ ಸಾಲುಗಳು ಬೀಳುತ್ತಿದ್ದವು, ಅಷ್ಟೆ. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ತೀರಿಸಲಿ? ಅವ್ವ ಮಾಡಿದ್ದು ಅವಳ ಜೀವಮಾನದ ರೂಢಿ. ಬಸ್ಸಿಗೆ ಹೊತ್ತಾಯಿತೆಂದು ಮುಧೋಳದವರು ಎದ್ದರು. ಸರಿಯಾದ ಮೇಲೆ ಕಳಿಸಿರಿ, ಅಂಗಡಿಯಲ್ಲೇ ಕೂತು ನೋಡುತ್ತೇನೆ ಎಂದರು. ವೈನಿ ಅವರನ್ನು ಬಾಗಿಲ ತನಕ ಬಿಟ್ಟು ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾದ ಅವಳ ಮುಖ ನೋಡಿ ನಾನು ಲ್ಯಾಪ್‌ಟಾಪ್ ತೆರೆದು ಕೂತೆ.

ಬಿಟ್ಟಿದ್ದ ಪುಟಗಳನ್ನು ಆಗ ಓದಿದೆ. ‘ಡೆವ್’ ಇರುವುದು ಕಟ್ಟುವವನ ಅನುಕೂಲಕ್ಕೆ. ಆ ಕಿಟಕಿ ತೆರೆದಿರುವ ತನಕ ಮಾತ್ರ ಅದರ ಆಟ. ನಾನು ತೋರಿಸುತ್ತಿದ್ದುದು ಮನೆಯೊಳಗಿನವರಿಗಷ್ಟೇ. ‘ಬಿಲ್ಡ್’ ಕೊಟ್ಟರೆ ಸೈಟ್ ಪೂರಾ ಸಿದ್ಧವಾಗುತ್ತದೆ. ಅದನ್ನು ಬಾಡಿಗೆಯ ಸರ್ವರ್‌ಗೆ, ಅಂದರೆ ಬೇರೆಲ್ಲೋ ಹಗಲುರಾತ್ರಿ ಓಡುವ ಕಂಪ್ಯೂಟರಿಗೆ, ಏರಿಸಿ ಅಲ್ಲಿ ‘ಸ್ಟಾರ್ಟ್’ ಕೊಡಬೇಕು. ಕೊಟ್ಟೆ. ವೈನಿ ಮುಧೋಳಕ್ಕೆ ಲಿಂಕ್ ಕಳಿಸಿದಳು.

ಮರುದಿನ ಅವ್ವನನ್ನೇ ಕರೆದು ಲ್ಯಾಪ್‌ಟಾಪ್ ಬಂದ್ ಮಾಡು ಎಂದೆ. ಅನುಮಾನಿಸುತ್ತಲೇ ಪ್ಲಗ್ಗು ಕಿತ್ತು ಮುಚ್ಚಿದಳು. ವೈನಿ ಫೋನು ತೋರಿಸಿದಳು. ಸೀರೆಗಳು ಇದ್ದಲ್ಲೇ ಇದ್ದವು, ಮೇಲೆ ಅವಳ ಹೆಸರು. ಹಸಿರಂಚಿನವನ್ನು ಮೊದಲು ಕಳಿಸಿರೆಂದು ಮುಧೋಳದಿಂದ ಸಂದೇಶವೂ ಬಂದಿತ್ತು.

ಅವ್ವನಿಗೆ ಮಾತ್ರ ಸಮಾಧಾನವಾಗಲಿಲ್ಲ.

“ಎಲ್ಲ್ಯೋ ನಡಿಯಾಕತ್ತೈತಿ ಅಂದ್ರ, ಅದರ ಮುಂದ ಯಾರ ನಿಂತಾರ?”

ನಾನು ಸರ್ವರಿನ ಪುರಾಣ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವೈನಿ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಾ ನಿಂತೇನ್ರಿ, ಅತ್ತಿ.”