ಪೆನ್‌ಡ್ರೈವ್‌ನಲ್ಲಿ ಉಳಿದ ಅಮ್ಮನ ಹಾಡು

ಹಳೆಯ ಕಂಪ್ಯೂಟರ್ ವೈರಸ್ ಹೊಕ್ಕು ಕೆಟ್ಟ ಮೇಲೆ, ತೀರಿಕೊಂಡ ಅಮ್ಮ ಹಾಡಿದ್ದ ದೇವರನಾಮಗಳು ಒಂದು ಪೆನ್‌ಡ್ರೈವ್‌ನಲ್ಲಿ ಮಾತ್ರ ಉಳಿದಿದ್ದವು. ಹೊಸ ಕಂಪ್ಯೂಟರ್ ಕೊಳ್ಳಲು ಶಿವಾಜಿನಗರದ ಅಂಗಡಿಗೆ ಹೋದೆ. ಯಾವುದನ್ನು ತೋರಿಸಿದರೂ ನನ್ನದು ಒಂದೇ ಪ್ರಶ್ನೆ: "ಇದಕ್ಕೆ ವೈರಸ್ ಬರಲ್ಲ ತಾನೆ?"

"ಯಾವುದಕ್ಕಾದ್ರೂ ಬರುತ್ತೆ ಸಾರ್. ನೀವು ಏನು ಒಳಗೆ ಬಿಟ್ಕೊಳ್ತೀರಾ ಅನ್ನೋದು ಮುಖ್ಯ," ಎಂದರು ಅಂಗಡಿಯ ಭಾಯ್.

ಕೊನೆಗೆ ಒಂದನ್ನು ಆರಿಸಿ, ಅದರಲ್ಲಿ ಮೊದಲು ಅಮ್ಮನ ಹಾಡೇ ಕೇಳಿಸಲಿ ಎಂದು ಪೆನ್‌ಡ್ರೈವ್ ಚುಚ್ಚಲು ಹೋದೆ. ಭಾಯ್ ಕೈ ಹಿಡಿದರು.

"ಅರೆ, ತಡೀರಿ! ಮೊದ್ಲು ನನ್ನ ಸಿಸ್ಟಮ್‌ನಲ್ಲಿ ಚೆಕ್ ಮಾಡ್ತೀನಿ."

ಪರದೆಯ ಮೇಲೆ ಹಸಿರು ಗೆರೆ ತೆವಳುತ್ತಿತ್ತು. ಕೂತೆ, ಎದ್ದೆ, ಬಾಗಿಲವರೆಗೆ ಹೋಗಿ ಬಂದೆ. "ಹಾಡು ಹೋದ್ವಾ?" ಎಂದು ಮೂರು ಸಲ ಕೇಳಿದೆ.

"ಹಾಡೆಲ್ಲ ಸೇಫ್ ಸಾರ್. ವೈರಸ್ ಇರೋದು ಈ ಫೈಲ್‌ನಲ್ಲಿ. ಏನಿದು?"

ಬಗ್ಗಿ ನೋಡಿದೆ. ಒಳ್ಳೆಯ ಗಳಿಗೆ ನೋಡಲೆಂದು ನಾನೇ ಎಲ್ಲಿಂದಲೋ ಪುಕ್ಕಟೆಯಾಗಿ ಇಳಿಸಿಕೊಂಡಿದ್ದ ಪಂಚಾಂಗ! ಹಾಡುಗಳ ಜೊತೆ ಅದನ್ನೂ ತುಂಬಿಕೊಂಡು ಬಂದಿದ್ದೆ.

"ಡಿಲೀಟ್ ಮಾಡ್ಲಾ?"

ಪಂಚಾಂಗವನ್ನು ಅಳಿಸಿ ಎನ್ನಲು ನಾಲಿಗೆ ಏಳಲಿಲ್ಲ. ಹೂಂ ಎಂಬಂತೆ ತಲೆಯಾಡಿಸಿ, ಮುಖ ಆಚೆ ತಿರುಗಿಸಿದೆ. ಅಳಿಸಿದ ಗಳಿಗೆ ಒಳ್ಳೆಯದಿತ್ತೋ ಇಲ್ಲವೋ, ನೋಡೋಣವೆಂದರೆ ಪಂಚಾಂಗ ಆಗಲೇ ಹೋಗಿಬಿಟ್ಟಿತ್ತು.