ಎರಡೂವರೆಯ ಬಸ್ಸು

ಸಾತನೂರಿನಿಂದ ಹತ್ತು ಮೈಲಿ ಆಚೆ, ಕಾಡಿನ ಅಂಚಿಗೆ ಇಪ್ಪತ್ತು ಮನೆಯ ದೊಡ್ಡಿ, ಬೋರಮ್ಮನ ಊರು. ಬಸ್ಸು ಹಿಡಿಯಲು ಮೂರು ಮೈಲಿ ನಡೆಯಬೇಕು. ಬಿಸಿಲೇರಿ ಆನೆಗಳು ಕಾಡಿಗೆ ಸರಿಯುವವರೆಗೆ ಆ ದಾರಿಗೆ ಯಾರೂ ಇಳಿಯುವುದಿಲ್ಲ. ಸಾತನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಬಿಟ್ಟಿ ಸಿಗುತ್ತಿತ್ತು ನಿಜ, ತರಲು ಮಾತ್ರ ಒಂದಿಡೀ ದಿನ ಹಾಳು. ಹಾಗಾಗಿ ಬೋರಮ್ಮ ತಿಂಗಳ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಎರಡು ತಿಂಗಳಿಗೆ ಎಳೆಯುತ್ತಿದ್ದಳು.

ಆ ದಿನ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗತೊಡಗಿದ್ದವು. ಸಂಜೆಯೊಳಗೆ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡು ಕೆಡುತ್ತದೆ. ಆದರೆ ಮೂರು ದಿನದಿಂದ ಅವಳ ತಲೆ ನೋವಿನಿಂದ ಕಲ್ಲಾಗಿತ್ತು. ಗಂಡ ಕೃಷ್ಣಪ್ಪನೇ ಗದರಿ ಕಳಿಸಿದ: “ಹೋಗ್ಬಾರಮ್ಮಿ, ಹುಳ ನಾನ್ ನೋಡ್ಕತೀನಿ.”

ಆಸ್ಪತ್ರೆ ಸೇರುವಾಗ ಹನ್ನೆರಡು ದಾಟಿತ್ತು. ಡಾಕ್ಟರು ಕನಕಪುರಕ್ಕೆ ಮೀಟಿಂಗಿಗೆ ಹೋಗಿದ್ದರು. ಬೋರಮ್ಮ ಕೂತಲ್ಲಿ ಕೂರಲಾರದೆ ಗಡಿಯಾರ ನೋಡಿದಳು, ಬಾಗಿಲು ನೋಡಿದಳು, ಮತ್ತೆ ಗಡಿಯಾರ. ಊರ ಕಡೆಯ ಬಸ್ಸು ಎರಡೂವರೆಗೆ. ಅದು ತಪ್ಪಿದರೆ ಮಾರನೆಯ ಬೆಳಿಗ್ಗೆಯೇ. ಎರಡಕ್ಕೆ ಸರದಿ ಬಂತು. ನರ್ಸ್ ಭಾನುಪ್ರಿಯ ತೋಳಿಗೆ ಪಟ್ಟಿ ಸುತ್ತಿ ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು.

“ಇನ್ನೂರ ಹತ್ತಿದೆ ಕಣಮ್ಮ! ಮಾತ್ರೆ ನುಂಗ್ತಿದ್ದೀರೋ ಇಲ್ವೋ?”

“ನುಂಗ್ತೀನಿ... ದಿನಾ ಅಲ್ಲ ಸಿಸ್ಟರಮ್ಮ.”

“ಇಲ್ಲೇ ಮಲಗಿ. ಡಾಕ್ಟ್ರಿಗೆ ಫೋನ್ ಮಾಡ್ತೀನಿ.”

ನರ್ಸ್ ಒಳಗೆ ಹೋದದ್ದೇ ತಡ, ಬೋರಮ್ಮ ಎದ್ದಳು. ಹುಳ ಒಂದರ ಮೇಲೊಂದು ಹರಿದಾಡುವುದು ಕಣ್ಣಿಗೆ ಕಟ್ಟಿತ್ತು. ಚಪ್ಪಲಿ ಮೆಟ್ಟಿದವಳೇ ಹೋಗಿ ಬಸ್ಸು ಹತ್ತಿಬಿಟ್ಟಳು.

ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಲು ಹೋದರೆ ಅದು ಬಲಗೈಯಿಂದ ಜಾರಿಬಿತ್ತು. ಎತ್ತಿಕೊಳ್ಳಲು ಬಗ್ಗಿದಳು, ಬೆರಳು ಮಡಚಲು ಬರಲಿಲ್ಲ. ಊರ ಹೆಸರು ಹೇಳಲು ಬಾಯಿ ತೆರೆದಳು, ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಓಡಿಬಂದ ಭಾನುಪ್ರಿಯ ಇನ್ನೂ ನಿಂತಿದ್ದ ಬಸ್ಸಿನ ಕಿಟಕಿಯ ಹೊರಗಿನಿಂದಲೇ ಕೂಗಿದಳು: “ಅವರನ್ನ ಇಳಿಸ್ರಪ್ಪ, ಬೇಗ!”

ಆಂಬುಲೆನ್ಸು ಕನಕಪುರಕ್ಕೆ ಒಯ್ದಿತು. ಲಕ್ವ. ದೊಡ್ಡಿಯಲ್ಲೇ ಆಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರು. ಹತ್ತು ದಿನಕ್ಕೆ ಮಾತು ಮರಳಿತು. ಬಲಗೈ ಇವತ್ತಿಗೂ ಸೊಪ್ಪಿನ ಹೊರೆ ಎತ್ತುವುದಿಲ್ಲ. ಹುಳ ಆರಿಸುವ ಕೈ ಸಾಲದೆ ಆ ಸಲ ಅರ್ಧಕ್ಕರ್ಧ ಗೂಡು ಕೆಟ್ಟಿತು. ಕೃಷ್ಣಪ್ಪ ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ.

ಓಡಾಡುವಂತಾದ ಮೇಲೆ ಬೋರಮ್ಮ ಮನೆಮನೆಗೆ ಹೋಗಿ ಕೇಳಿದಳು. ಇನ್ನೂ ಏಳು ಜನ ಅವಳಂತೆಯೇ ಮಾತ್ರೆ ಎಳೆಯುತ್ತಿದ್ದರು. ಅಷ್ಟೂ ಜನರನ್ನು ಹಾಲಿನ ವ್ಯಾನಿಗೆ ಹತ್ತಿಸಿಕೊಂಡು ಹೋಗಿ ಸಾತನೂರಿನ ಡಾಕ್ಟರ ಮುಂದೆ ನಿಲ್ಲಿಸಿದಳು.

“ನಾವ್ ಬರೋದು ಕಷ್ಟ ಐತೆ ಸಾಮಿ. ತಿಂಗ್ಳಿಗೊಂದ್ ಸಲ ನೀವೇ ಯಾರ್ನಾದ್ರೂ ಕಳ್ಸಿ.”

ಈಗ ತಿಂಗಳ ಮೊದಲ ಮಂಗಳವಾರ ಭಾನುಪ್ರಿಯ ದೊಡ್ಡಿಯ ಡೇರಿ ಜಗಲಿಗೆ ಬರುತ್ತಾಳೆ. ಬಾರದ ತಿಂಗಳೂ ಉಂಟು. ಬೋರಮ್ಮನಿಗೆ ಹಿಂದಿನ ದಿನದಿಂದಲೇ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಹತ್ತಾದರೂ ಸ್ಕೂಟರಿನ ಸದ್ದಿಲ್ಲದಿದ್ದರೆ, ಎಡಗೈಯಲ್ಲಿ ಫೋನು ಹಿಡಿದು ಸಿಗ್ನಲ್ ಸಿಗುವ ಬಂಡೆ ಹತ್ತುತ್ತಾಳೆ.

“ಎಲ್ಲಿದ್ದೀರಿ ಸಿಸ್ಟರಮ್ಮ? ಎಲ್ರೂ ಬಂದು ಕೂತವ್ರೆ, ಬನ್ನಿ.”